ಎಲ್ಲೂ ಹೋಗದ ದಿನ

"ತಲೆ ಕಡೆ ಸ್ವಲ್ಪ ಎತ್ತಿ! ಕಾಲ್ ಕಡೆಯವರು ಅಲ್ಲೇ ನಿಂತ್ಕೊಳ್ಳಿ. ಗೋಡೆ, ಗೋಡೆ ನೋಡ್ಕೊಳ್ಳಿ!"

ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಆ ಮೆಟ್ಟಿಲು ಕಟ್ಟಿಸಿದವನು ಮನುಷ್ಯ ನಡೆದೇ ಹತ್ತುತ್ತಾನೆ, ನಡೆದೇ ಇಳಿಯುತ್ತಾನೆ ಅಂದುಕೊಂಡಿದ್ದನೇ ಹೊರತು ಮಲಗಿ ಇಳಿಯುವ ದಿನವೂ ಒಂದಿರುತ್ತದೆಂದು ಯೋಚಿಸಿರಲಿಲ್ಲ. ನಾಲ್ಕು ಜನ ಗಂಡಸರು ಉಸಿರು ಬಿಗಿಹಿಡಿದು ನಿಂತರು. ಕೆಳಗಿನ ಮೆಟ್ಟಿಲಲ್ಲಿ ನಿಂತು ದಾರಿ ಹೇಳುತ್ತಿದ್ದವನು ಅದೇ ಕಟ್ಟಡದ ನೆಲಮಹಡಿಯವನು, ಊರೆಲ್ಲ ನಲ್ಲಿ ರಿಪೇರಿ ಮಾಡುತ್ತ ಓಡಾಡುವವನು. ಎಲ್ಲರ ಬಾಯಲ್ಲೂ ಅವನು ಪೈಪಣ್ಣ.

"ಓರೆ ಮಾಡಿ, ಓರೆ! ಇದಕ್ಕಿಂತ ಉದ್ದದ ಪೈಪು ಇಳಿಸಿದೀನಿ ಇಲ್ಲಿ" ಎಂದವನು, ಹೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಕಾಲಿನ ಕಡೆ ಹಿಡಿದಿದ್ದ ಮೇಷ್ಟ್ರ ಕೈ ಬೆವರಿ ಜಾರುತ್ತಿತ್ತು. ಅದು ಪೈಪಣ್ಣನ ಕಣ್ಣಿಗೆ ಬಿತ್ತು.

"ಮೇಷ್ಟ್ರೇ, ನೀವು ಬಿಡಿ. ನಾನು ಹಿಡ್ಕೋತೀನಿ."

ಮೇಷ್ಟ್ರು ಬಿಟ್ಟರು. ಬಿಟ್ಟ ಕೂಡಲೇ ತೋಳು ಹಗುರಾಯಿತು. ಆ ಹಗುರಕ್ಕೆ ಅವರಿಗೆ ನಾಚಿಕೆಯಾಯಿತು. ಅಷ್ಟು ವರ್ಷ ತನ್ನನ್ನು ಎತ್ತಿ ಆಡಿಸಿದ ಅಕ್ಕನನ್ನು ಎರಡು ಮಹಡಿಯಾದರೂ ಇಳಿಸಲಾಗಲಿಲ್ಲವಲ್ಲ ಎಂದುಕೊಂಡು, ಬರಿಗೈಯಲ್ಲಿ, ಎಲ್ಲರ ಹಿಂದೆ ಒಂದೊಂದೇ ಮೆಟ್ಟಿಲು ಇಳಿದರು.

ಅಕ್ಕನಿಗೆ ಅರವತ್ತೆಂಟು. ನಲವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಮೇಷ್ಟ್ರಿಗಿಂತ ಏಳು ವರ್ಷ ದೊಡ್ಡವಳು. ತಾಯಿ ಸತ್ತಾಗ ತಮ್ಮನಿಗೆ ಆರು ವರ್ಷ, ಅವಳಿಗೆ ಹದಿಮೂರು. ಅಂದಿನಿಂದ ತಾಯಿಯೂ ಅವಳೇ. ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಹೋದ ವರ್ಷ ನಿವೃತ್ತರಾದವರು.

ಅಂಗಳದಲ್ಲಿ ಎರಡು ಬೆಂಚು ಜೋಡಿಸಿ ಅವಳನ್ನು ಮಲಗಿಸಿದರು. ಸ್ಮಶಾನದ ವ್ಯಾನು ಬರಲು ಇನ್ನೂ ಒಂದೂವರೆ ಗಂಟೆಯಿತ್ತು. ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಜನ ಕೂತರು. ಪೈಪಣ್ಣ ಎರಡು ಲೋಟ ಚಹಾ ತಂದು ಮೇಷ್ಟ್ರ ಪಕ್ಕದಲ್ಲೇ ಕುಳಿತ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ದಿನಗಳು ಎಲ್ಲೂ ಹೋಗಲ್ಲ ಅಂತ ಕಂಡುಹಿಡಿದವರು ನೀವೇ ಅಲ್ವಾ?"

"ನಾನಲ್ಲಪ್ಪ. ಅದನ್ನೆಲ್ಲ ಬೇರೆ ಯಾರೋ..."

"ಅಕ್ಕ ಹಾಗೇ ಹೇಳ್ತಿದ್ರು. ನನ್ನ ತಮ್ಮ ಲೆಕ್ಕ ಹಾಕಿ ನೋಡಿದಾನೆ, ಸುಳ್ಳಲ್ಲ ಅಂತ." ಪೈಪಣ್ಣ ಲೋಟ ಕೆಳಗಿಟ್ಟ. "ನಮ್ಮಾಕೆ ಹೋದಾಗ ಎರಡು ತಿಂಗಳು ಕೆಲಸಕ್ಕೇ ಹೋಗ್ಲಿಲ್ಲ ನಾನು. ಅಕ್ಕ ಬಂದು ಹೊಸ್ತಿಲ ಮೇಲೆ ಕೂತ್ರು. ಚೆನ್ನಾಗಿದ್ದ ಒಂದು ದಿನ ಹೇಳು ಅಂದ್ರು. ಮದುವೆಯಾದ ಹೊಸದ್ರಲ್ಲಿ ಒಂದ್ಸಲ ನಮಗೆ ಟ್ರೈನ್ ತಪ್ಪಿಹೋಯ್ತು. ಮುಂದಿನ ಟ್ರೈನ್ ಸಂಜೆಗೆ. ಇಡೀ ದಿನ ಸ್ಟೇಷನ್ ಬೆಂಚಲ್ಲಿ ಕೂತು ಬರೀ ಮಾತು, ಬರೀ ನಗು. ಅದನ್ನ ಹೇಳ್ದೆ. ಆ ದಿನ ಅಲ್ಲೇ ಇದೆ ಕಣೋ, ನೀವಿಬ್ರೂ ಅದೇ ಬೆಂಚಲ್ಲಿ ಕೂತಿದೀರ, ಇಲ್ಲಿಂದ ಕಾಣಲ್ಲ ಅಷ್ಟೇ ಅಂದ್ರು. ಮಾರನೇ ದಿನ ಪಾನಾ ಹಿಡ್ಕೊಂಡು ಕೆಲಸಕ್ಕೆ ಹೋದೆ ನೋಡಿ."

ಬೆಳಿಗ್ಗೆಯಿಂದ ಇದನ್ನೇ ಕೇಳಿದವರಲ್ಲಿ ಪೈಪಣ್ಣ ಮೂರನೆಯವನು.

*

ಭಾವ ತೀರಿಕೊಂಡದ್ದು ಮೂವತ್ತು ವರ್ಷದ ಹಿಂದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋದವನು ಮಧ್ಯಾಹ್ನಕ್ಕೆ ಹೆಣವಾಗಿ ಬಂದ. ಮಗಳಿಗೆ ಆಗ ಒಂಬತ್ತು ವರ್ಷ. ಅಕ್ಕ ಅಳಲಿಲ್ಲ. ಮನೆಯ ಬಟ್ಟೆಗಳನ್ನೆಲ್ಲ ರಾಶಿ ಹಾಕಿಕೊಂಡು ಇಸ್ತ್ರಿ ಮಾಡುತ್ತ ನಿಂತಳು. ಮುಗಿದ ಮೇಲೆ ಮಾಡಿದ್ದನ್ನೇ ಮತ್ತೆ ಬಿಡಿಸಿ ಮಾಡಿದಳು.

ಮೂರನೆಯ ದಿನ ತಮ್ಮ ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಕೂರಿಸಿದ. ಏನು ಹೇಳಬೇಕೋ ತಿಳಿಯಲಿಲ್ಲ. ಅವನಿಗೆ ಬರುತ್ತಿದ್ದದ್ದು ಪಾಠವೊಂದೇ.

"ಅಕ್ಕ, ಇಲ್ಲಿಂದ ಬೀದಿ ನೋಡು. ನಲ್ಲಿಕಟ್ಟೆ ಕಾಣುತ್ತೆ. ಮೂಲೆ ಅಂಗಡಿ ಕಾಣಲ್ಲ. ಕಾಣಲ್ಲ ಅಂದ್ರೆ ಅಂಗಡಿ ಇಲ್ಲ ಅಂತಾನಾ?"

"ಇದ್ದೇ ಇರುತ್ತೆ."

"ದಿನಗಳೂ ಹಾಗೇ ಅಂತ ನಮ್ಮ ಲೆಕ್ಕ ಹೇಳುತ್ತೆ. ಕಾಲ ಹರಿದುಹೋಗುತ್ತೆ ಅಂತ ನಮಗೆ ಅನ್ಸುತ್ತೆ. ಲೆಕ್ಕದಲ್ಲಿ 'ಈಗ' ಅನ್ನೋ ಮಾತೇ ಇಲ್ಲ. ನಿನ್ನೆ, ನಾಳೆ, ಎಲ್ಲಾ ಒಂದೇ ಬೀದೀಲಿ ಸಾಲಾಗಿ ನಿಂತಿರೋ ಮನೆಗಳು. ಭಾವ ಇರೋ ದಿನಗಳು ಅಲ್ಲೇ ಇವೆ. ನಾವು ಆ ಕಡೆ ತಿರುಗಿ ನಡೆಯೋಕೆ ಆಗಲ್ಲ, ಅಷ್ಟೇ."

ಅಕ್ಕ ತುಂಬ ಹೊತ್ತು ಬೀದಿಯನ್ನೇ ನೋಡಿದಳು. ಮೂಲೆ ಅಂಗಡಿ ಕಾಣುತ್ತದೇನೋ ಎಂಬಂತೆ ಕತ್ತು ಚಾಚಿದಳು. ಆಮೇಲೆ ಕೇಳಿದಳು.

"ಹಾಗಾದ್ರೆ ನಮ್ಮ ಕೆರೆ ದಿನಾನೂ ಇದೆಯೇನೋ?"

ತಮ್ಮ ಬೀದಿಯ ಕಡೆ ಮುಖ ತಿರುಗಿಸಿ, "ಇದೆ" ಎಂದ.

ಆಗ ಅಕ್ಕ ಮೊದಲ ಸಲ ಅತ್ತಳು. ಅವನು ಪಕ್ಕದಲ್ಲಿ ಕುಳಿತು, ತಾನು ಕೊಟ್ಟ ಸಮಾಧಾನ ತನಗೇ ಮುಳ್ಳಾದದ್ದನ್ನು ಯಾರಿಗೂ ಹೇಳಲಾಗದೆ, ಅವಳ ಬೆನ್ನು ಸವರುತ್ತಿದ್ದ.

*

ಹತ್ತು ಗಂಟೆಯ ಹೊತ್ತಿಗೆ ಆಸ್ಪತ್ರೆಯ ಕಡೆಯಿಂದ ಐದಾರು ಹೆಂಗಸರು ಬಂದರು. ಕೆಲಸದ ಮಧ್ಯೆ ಬಂದಿದ್ದರು. ನೀಲಿ ಏಪ್ರನ್ ಹಾಗೇ ಇತ್ತು, ಮೈಯಿಂದ ಬಟ್ಟೆ ಒಗೆಯುವ ಸೋಡಾದ ವಾಸನೆ ಬರುತ್ತಿತ್ತು. ಮುಂದೆ ಬಂದವಳು ಗಿಡ್ಡ, ಗಟ್ಟಿ ಹೆಂಗಸು. ಇಪ್ಪತ್ತೆರಡು ವರ್ಷ ಅಕ್ಕನ ಎದುರು ನಿಂತು ಕೆಲಸ ಮಾಡಿದವಳು. ಅಲ್ಲಿ ಇಬ್ಬಿಬ್ಬರಿಗೆ ಒಂದು ಮೇಜು. ಹಾಗಾಗಿ ಅಕ್ಕ ಅವಳನ್ನು 'ನನ್ನ ಜೋಡಿ' ಎನ್ನುತ್ತಿದ್ದಳು. ಕೊನೆಗೆ ಎಲ್ಲರಿಗೂ ಅವಳು ಜೋಡಿಯೇ ಆದಳು. ಕಂಕುಳಲ್ಲಿ ಒಂದು ಕಾಗದದ ಪೊಟ್ಟಣವಿತ್ತು.

ಜೋಡಿ ಅಕ್ಕನ ಮುಖ ನೋಡಿದಳು, ಹಣೆ ಮುಟ್ಟಿದಳು. "ಇಷ್ಟು ಬೇಗ ರಜಾ ಹಾಕಿದ್ಯಲ್ಲೇ" ಎಂದಳು. ಆಮೇಲೆ ಮೇಷ್ಟ್ರನ್ನು ಅಡಿಯಿಂದ ಮುಡಿವರೆಗೆ ದಿಟ್ಟಿಸಿದಳು.

"ನೀವೇ ಅಲ್ವಾ ಬೋಟು ತಿರುಗಿಸಿದ ತಮ್ಮ?"

ಹಿಂದಿದ್ದ ಹೆಂಗಸರ ಮುಖದಲ್ಲಿ ಅಳುವಿನ ನಡುವೆಯೇ ನಗು ಮೂಡಿತು. ಅವರಿಗೆಲ್ಲ ಆ ಕತೆ ಗೊತ್ತಿತ್ತು. ಗೊತ್ತಿತ್ತೆಂದರೆ ಬಾಯಿಪಾಠ. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಎತ್ತಿಕೊಂಡಳು. ತಮ್ಮನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಇಬ್ಬರೂ ಆ ಊರಿಗೆ ಹೋದದ್ದು, ಬಸ್ಸಿಗೆ ಮೂರು ಗಂಟೆ ಹೊತ್ತಿತ್ತೆಂದು ಕೆರೆಯ ಹತ್ತಿರ ಹೋಗಿ ಬೋಟು ಹತ್ತಿದ್ದು, ಇಬ್ಬರಿಗೂ ಹುಟ್ಟು ಹಾಕಲು ಬಾರದೆ ಬೋಟು ನಿಂತಲ್ಲೇ ಬುಗುರಿಯಂತೆ ತಿರುಗಿದ್ದು, ಹುಟ್ಟು ಕೈಜಾರಿ ತೇಲಿಹೋದದ್ದು, ದಡದಲ್ಲಿ ಬೋಟಿನವನು ಬಾಯಿ ಬಡಿದುಕೊಂಡದ್ದು.

"ಆಮೇಲೆ ಇಬ್ರೂ ಕಾಲಲ್ಲಿದ್ದ ಚಪ್ಪಲಿ ತೆಗೆದು ಅದ್ರಲ್ಲೇ ನೀರು ತಳ್ಳಿದ್ರಂತೆ!"

"ನಕ್ಕೂ ನಕ್ಕೂ ಬಿಕ್ಕಳಿಕೆ ಬಂತಂತೆ. ಬಸ್ಸಲ್ಲೂ ನಿಲ್ಲಲಿಲ್ವಂತೆ."

"ಕಷ್ಟದ ದಿನ ಬಂದ್ರೆ ಸಾಕು, ಬಾರೇ ಬೋಟು ಹತ್ತೋಣ ಅಂತಿದ್ಲು" ಎಂದಳು ಜೋಡಿ. "ಬಾಯ್ಲರ್ ಕೆಟ್ಟು ಬಟ್ಟೆ ಗುಡ್ಡ ಬಿದ್ದಾಗ್ಲೂ ಅದೇ, ನಂ ಮಗ ಫೇಲಾದಾಗ್ಲೂ ಅದೇ. ಆದ್ರೆ ಒಂದಿತ್ತು ಮೇಷ್ಟ್ರೇ. ಬೋಟಿಂದ ಇಳಿದ್ರಲ್ಲ, ಅಲ್ಲಿಂದ ಬಸ್ ಹತ್ತೋದ್ರ ಮಧ್ಯೆ ಒಂದು ಕಡೆ ನಿಲ್ಸೋಳು. ಇಲ್ಲೊಂದು ಹಳ್ಳ ಇದೆ, ಹಾರ್ಕೊಂಡು ಬಾ ಅನ್ನೋಳು. ಏನದು ಅಂದ್ರೆ ಹೇಳ್ತಿರ್ಲಿಲ್ಲ. ನೀವು ಅಲ್ಲೇ ಇದ್ರಲ್ಲ, ಏನದು?"

ಮೇಷ್ಟ್ರ ಕಿವಿ ಬಿಸಿಯಾಯಿತು. ಅಕ್ಕ ಆ ಮಾತು ಕೇಳಿಸಿಕೊಂಡಿರಲಾರಳು ಎಂದು ನಲವತ್ತನಾಲ್ಕು ವರ್ಷ ಅವರು ತಮಗೆ ತಾವೇ ಹೇಳಿಕೊಂಡಿದ್ದರು.

*

ದಡಕ್ಕೆ ಬಂದಾಗ ಇಬ್ಬರ ಬಟ್ಟೆಯೂ ಮೊಣಕಾಲವರೆಗೆ ಒದ್ದೆ. ಅಕ್ಕನ ಕೂದಲು ಬಿಚ್ಚಿಹೋಗಿತ್ತು, ಕೈಯಲ್ಲಿ ಚಪ್ಪಲಿ, ಬರಿಗಾಲು. ಸೋಡಾನೀರಿಗೆ ಸುಲಿದ ಕೈ ನೀರಲ್ಲಿ ನೆನೆದು ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಬಿಕ್ಕಳಿಸುತ್ತ, ಹೊಟ್ಟೆ ಹಿಡಿದುಕೊಂಡು, ಹುಡುಗಿಯಂತೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಅವನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಎದುರಿಗೆ ಇಬ್ಬರು ಹುಡುಗರು ಬಂದರು. ಬೆಳಿಗ್ಗೆ ಸೀಟಿನ ಸಾಲಿನಲ್ಲಿ ಪರಿಚಯವಾದವರು. ಒಬ್ಬನ ತಂದೆ ಆ ಕಾಲೇಜಿನ ಪ್ರೊಫೆಸರು, ಅವರೂ ಜೊತೆಗಿದ್ದರು. ಮಡಿಕೆ ಮುರಿಯದ ಷರಟು, ಹೊಳೆಯುವ ಬೂಟು. ಪ್ರೊಫೆಸರು ಅವನ ಅಂಕಗಳನ್ನು ಹೊಗಳಿ, ಹಿಂದೆ ನಿಂತಿದ್ದ ಅಕ್ಕನ ಕಡೆ ನೋಡಿ, "ಇವರು?" ಎಂದರು.

ಅವನಿಗೆ ಹದಿನೇಳು ವರ್ಷ. "ನಮ್ಮನೆ ಕೆಲಸದವಳು" ಎಂದ.

ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದನೇನೋ ಎನ್ನುವಂತೆ.

ಅಕ್ಕನ ಬಿಕ್ಕಳಿಕೆ ನಿಂತಿತು. ಕೆರೆಯ ಕಡೆ ಒಮ್ಮೆ ನೋಡಿದಳು. ಮುಂದೆ ಬಂದು, ಅವನ ಹೆಗಲಿನ ಚೀಲವನ್ನು ತಾನು ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಬಸ್ಸಿಗೆ ಹೊತ್ತಾಯ್ತು, ಬನ್ನಿ" ಎಂದಳು.

ಬನ್ನಿ. ಅಕ್ಕ ಅವನಿಗೆ ಬಹುವಚನ ಹಾಕಿದ್ದು ಜೀವಮಾನದಲ್ಲಿ ಅದೊಂದೇ ಸಲ. ಬಸ್ಸು ಹತ್ತಿದ ಮೇಲೆ "ಕಿಟಕಿ ಕಡೆ ಕೂತ್ಕೋ ಪುಟ್ಟಾ, ಗಾಳಿ ಬರುತ್ತೆ" ಎಂದು ಮತ್ತೆ ಎಂದಿನಂತೆಯೇ ಆದಳು. ಬೋಟು ತಿರುಗಿದ್ದನ್ನು ನೆನೆಸಿ ನಕ್ಕಳು. ಬಿಕ್ಕಳಿಕೆ ಮತ್ತೆ ಬಂತು. ಅವನೂ ನಕ್ಕ. ಅವಳಿಗೆ ಕೇಳಿಸಿಲ್ಲ, ಇಲ್ಲವಾದರೆ ಹೀಗೆ ನಗುತ್ತಿದ್ದಳೇ ಎಂದು ಆ ನಗುವನ್ನೇ ಸಾಕ್ಷಿಯಾಗಿ ಇಟ್ಟುಕೊಂಡ.

*

"ಮಾವ."

ಅಕ್ಕನ ಮಗಳು ಪಕ್ಕದಲ್ಲಿ ನಿಂತಿದ್ದಳು. ಔಷಧಿ ಅಂಗಡಿಯಲ್ಲಿ ದಿನವೆಲ್ಲ ನಿಂತು ಕೆಲಸ ಮಾಡುವವಳು. ಕೊನೆಯ ಮೂರು ತಿಂಗಳು ಅಂಗಡಿ ಬಿಟ್ಟು ತಾಯಿಯ ಹಾಸಿಗೆಯ ಪಕ್ಕ ನಿಂತಿದ್ದಳು.

"ವ್ಯಾನ್ ಬರೋ ಮುಂಚೆ ನೀವು ನಾಲ್ಕು ಮಾತಾಡಿ. ಆ ಕಾಲದ ವಿಚಾರ, ಕೆರೆ ದಿನ, ಅದನ್ನೇ ಹೇಳಿ. ಅಮ್ಮಂಗೆ ಅದಕ್ಕಿಂತ ಇಷ್ಟವಾಗಿದ್ದು ಇನ್ನೊಂದಿಲ್ಲ."

"ನನ್ನ ಕೈಲಾಗಲ್ಲ ಮರಿ."

"ನೀವಲ್ದೆ ಇನ್ಯಾರು ಹೇಳ್ತಾರೆ?" ಅವಳು ದನಿ ತಗ್ಗಿಸಿದಳು. "ಒಂದು ನಂಗೂ ಗೊತ್ತಾಗ್ಲಿಲ್ಲ ಮಾವ. ಮಲಗಿದ ಮೇಲೂ ದಿನಾ ಬೋಟಿನ ಕತೆ ಹೇಳ್ತಿದ್ಲು. ಮೊನ್ನೆ ನೀವು ಬಂದು ಹೋದ್ರಲ್ಲ, ಆಮೇಲೆ ಒಂದೇ ಒಂದು ಸಲಾನೂ ಹೇಳ್ಲಿಲ್ಲ. ನಾನೇ ಶುರು ಮಾಡಿದ್ರೆ, ಸಾಕು ಬಿಡೇ ಅಂದ್ಲು. ಆಯಾಸ ಅಂದ್ಕೊಂಡೆ."

*

ಮೇಷ್ಟ್ರು ಹಾಗೆ ಬಂದು ಹೋಗಿ ಹನ್ನೆರಡು ದಿನ. ಮಗಳು ಔಷಧಿ ತರಲು ಹೋಗಿದ್ದಳು. ಅಕ್ಕ ಮೂಳೆಯ ಮೇಲೆ ಹೊದಿಕೆ ಹೊದಿಸಿದಂತಿದ್ದಳು, ಕಣ್ಣು ಮಾತ್ರ ಹಾಗೇ ಇತ್ತು.

"ಪುಟ್ಟಾ, ಇನ್ನೊಂದ್ಸಲ ಹೇಳೋ. ಆ ದಿನ ಇದೆ ಅಲ್ವಾ? ನಾನು ಹೋದ ಮೇಲೂ ಇರುತ್ತೆ ಅಲ್ವಾ?"

ಹೂಂ ಎನ್ನಲು ಏನು ಕಷ್ಟವಿತ್ತು? ಮೂವತ್ತು ವರ್ಷ ಅಂದಿದ್ದರು. ಆದರೆ ಆ ಮಧ್ಯಾಹ್ನ, ಅವಳ ಸುಲಿದ ಬೆರಳುಗಳು ತಮ್ಮ ಕೈಯ ಮೇಲಿರುವಾಗ, ಮೇಷ್ಟ್ರಿಗೆ ಆ ದಿನ ಇಲ್ಲದಿದ್ದರೆ ಸಾಕು ಅನ್ನಿಸಿತು. ಅದು ಇದ್ದರೆ ಆ ದಡವೂ ಇದೆ. ದಡದಲ್ಲಿ ಆ ಹುಡುಗ ನಿಂತಿದ್ದಾನೆ. ಹೇಳಿ ಮುಗಿಸಿಲ್ಲ, ಹೇಳುತ್ತಲೇ ಇದ್ದಾನೆ.

"ಅಕ್ಕ, ಅದೆಲ್ಲ ಕಾಗದದ ಮೇಲಿನ ಲೆಕ್ಕ" ಎಂದರು. "ನಿಜವಾಗಿ ಹೋದದ್ದು ಹೋದ ಹಾಗೇ."

"ಎಲ್ಲಾನೂ?"

"ಎಲ್ಲಾನೂ."

"ಬೋಟೂ?"

"ಬೋಟೂ."

ಅಕ್ಕ ಅವರ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದ ಹಾಗೆ. ಕೈಯನ್ನು ಮೆಲ್ಲಗೆ ತಟ್ಟಿದಳು.

"ಹೋಗ್ಲಿ ಬಿಡು. ನಿಂಗೆ ಹಗುರ ಆಯ್ತಲ್ಲ."

*

ಮೇಷ್ಟ್ರು ಎದ್ದು ಬೆಂಚಿನ ಹತ್ತಿರ ಹೋದರು. ಜನ ಅವರ ಕಡೆ ತಿರುಗಿದರು. ಮೂವತ್ತೈದು ವರ್ಷ ತರಗತಿಗಳಲ್ಲಿ ನಿಂತವರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬೋಟಿನ ಕತೆ ನಿಮಗೆಲ್ಲ ಗೊತ್ತು" ಎಂದು ಶುರುಮಾಡಿದರು. "ನಡುವೆ ಒಂದು ಹಳ್ಳ ಇದೆ ಅಂತ ಅಕ್ಕ ಹೇಳ್ತಿದ್ಲಂತೆ. ಆ ಹಳ್ಳ ನಾನೇ ತೋಡಿದ್ದು. ದಡದಲ್ಲಿ ಒಬ್ಬರು, ಇವರು ಯಾರು ಅಂತ ಕೇಳಿದ್ರು. ನಮ್ಮನೆ ಕೆಲಸದವಳು ಅಂದೆ." ಅಕ್ಕನ ಕಡೆ ನೋಡಲಾಗಲಿಲ್ಲ, ನೆಲ ನೋಡಿದರು. "ಅವಳು ಕೇಳಿಸ್ಕೊಂಡ್ಲು. ನನ್ನ ಮಾನ ಉಳಿಸೋಕೆ ಚೀಲ ಹೊತ್ಕೊಂಡು ನನಗೆ 'ಬನ್ನಿ' ಅಂದ್ಲು."

ಯಾರೋ ಕೆಮ್ಮಿದರು. ಜೋಡಿ ಬಾಯಿಗೆ ಏಪ್ರನ್ ಅಡ್ಡ ಹಿಡಿದಳು.

"ಅಷ್ಟೇ ಅಲ್ಲ. ಮೊನ್ನೆ ಅವಳು, ಆ ದಿನ ಇದೆಯಾ ಅಂತ ಕೇಳಿದ್ಲು. ಇಲ್ಲ ಅಂದೆ. ಗೊತ್ತಿದ್ದು ಹೇಳಿದ್ದಲ್ಲ, ನನಗೆ ಅದು ಇರೋದು ಬೇಡವಾಗಿತ್ತು. ಅದಕ್ಕೇ ಅಂದೆ. ಅವಳಿಗೆ ಅದೂ ಗೊತ್ತಾಯ್ತು. ಕತೆ ಹೇಳೋದು ಬಿಟ್ಲು."

ಹೇಳಿದರೆ ಏನಾದರೂ ಇಳಿದೀತು ಎಂದುಕೊಂಡಿದ್ದರೇನೋ, ಇಳಿಯಲಿಲ್ಲ. ಅಕ್ಕನ ಮಗಳು ಅವರನ್ನು ನೆಟ್ಟ ಕಣ್ಣಿಂದ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸಿ, ಹೋಗಿ ತಾಯಿಯ ತಲೆಯ ಹತ್ತಿರ ನಿಂತು ಕೂದಲು ಸರಿಮಾಡಿದಳು. ಸರಿಯಾಗಿದ್ದ ಕೂದಲನ್ನೇ ಮತ್ತೆ ಮತ್ತೆ ಸರಿಮಾಡಿದಳು.

"ಹನ್ನೆರಡು ದಿನ" ಎಂದಳು, ಯಾರಿಗೂ ಅಲ್ಲದ ಹಾಗೆ. "ಗೋಡೆ ನೋಡ್ಕೊಂಡು ಮಲಗಿದ್ಲು."

ಆಮೇಲೆ ಬಾಯಿ ತೆರೆದವನು ಪೈಪಣ್ಣ. ಕುರ್ಚಿಯ ತುದಿಗೆ ಬಂದು ಕುಳಿತಿದ್ದ, ಮುಖ ಬಾಡಿತ್ತು. "ಹಾಗಾದ್ರೆ ಮೇಷ್ಟ್ರೇ, ನಿಜ ಹೇಳಿ. ಇದೆಯೋ ಇಲ್ವೋ? ನಮ್ಮಾಕೆ ಬೆಂಚಲ್ಲಿ ಕೂತಿದಾಳೆ ಅಂತ ನಾನು ನಾಲ್ಕು ವರ್ಷದಿಂದ..."

ಈ ಪ್ರಶ್ನೆಗೆ ಇನ್ನೊಂದು ಸುಳ್ಳು ಹೇಳುವುದು ಮೇಷ್ಟ್ರಿಂದ ಸಾಧ್ಯವಿರಲಿಲ್ಲ. "ಗೊತ್ತಿಲ್ಲಪ್ಪ. ಇದೆ ಅಂತ ಲೆಕ್ಕ ಹೇಳುತ್ತೆ. ಹೋಗಿ ನೋಡಿ ಬಂದವರು ಯಾರೂ ಇಲ್ಲ. ಇದ್ರೆ ಎಲ್ಲಾನೂ ಇರುತ್ತೆ, ಬೇಕಾದ್ದನ್ನ ಆರಿಸ್ಕೊಳ್ಳೋಕೆ ಬರಲ್ಲ. ನಿನ್ನ ಬೆಂಚೂ ಇರುತ್ತೆ, ನನ್ನ ಮಾತೂ ಇರುತ್ತೆ."

ಪೈಪಣ್ಣ ಗಲ್ಲ ಕೆರೆದುಕೊಂಡ.

"ಆವತ್ತು ಟ್ರೈನ್ ತಪ್ಪಿದ್ದು ನನ್ನಿಂದ" ಎಂದ. "ಮನೆ ಬಾಗಿಲಲ್ಲೇ ಅವಳಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಅವಳ ಅಪ್ಪ ಅಮ್ಮನ್ನೆಲ್ಲ ಎಳೆದು. ಅವಳು ಅತ್ತು ಮುಖ ತೊಳ್ಕೊಂಡು ಬರೋ ಹೊತ್ತಿಗೆ ಟ್ರೈನ್ ಹೋಗಿತ್ತು. ಅದನ್ನ ಅಕ್ಕಂಗೂ ಹೇಳಿರ್ಲಿಲ್ಲ ನಾನು." ನಿಟ್ಟುಸಿರು ಬಿಟ್ಟ. "ಇರ್ಲಿ ಬಿಡಿ. ಬೆಂಚು ಬೇಕು ಅಂದ್ರೆ ಆ ಬಾಗಿಲೂ ಬರುತ್ತೆ ಅನ್ನಿ."

ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ನು ಕೇಳಿಸಿತು. ಜನ ಎದ್ದರು, ಕುರ್ಚಿಗಳು ಸರಿದವು. ಜೋಡಿ ಕಂಕುಳಿನ ಪೊಟ್ಟಣ ಬಿಚ್ಚಿದಳು. ಒಳಗೊಂದು ಬಿಳಿಯ ಚಾದರವಿತ್ತು, ಮಡಿಕೆಗಳು ಕತ್ತರಿಸಿಟ್ಟಂತಿದ್ದವು.

"ಬೆಳಿಗ್ಗೆ ನಾವೇ ಒಗೆದು ಇಸ್ತ್ರಿ ಮಾಡಿದ್ದು" ಎಂದಳು. "ಬೇರೆಯವ್ರು ಮಾಡಿದ್ರೆ ಅವಳಿಗೆ ಆಗ್ತಿರ್ಲಿಲ್ಲ." ಅದನ್ನು ಒಮ್ಮೆ ಕೊಡವಿ ಬಿಡಿಸಿ, ತನ್ನ ಕಡೆಯ ಎರಡು ಮೂಲೆ ಹಿಡಿದು, ಎದುರು ನೋಡಿದಳು. ಎದುರಿಗೆ ಯಾರೂ ಇರಲಿಲ್ಲ. ಒಂದು ಕ್ಷಣ ಅವಳಿಗೂ ಏನು ಮಾಡಬೇಕೆಂದು ತೋಚಲಿಲ್ಲ. "ಆ ಕಡೆ ಹಿಡಿಯಮ್ಮ" ಎಂದು ಮಗಳನ್ನು ಕರೆದಳು.

ಮಗಳು ತಾಯಿಯ ಹಣೆಯ ಮೇಲಿಂದ ಕೈ ತೆಗೆಯಲಿಲ್ಲ.

"ಅವರು ಹಿಡೀಲಿ" ಎಂದಳು. ಮಾವ ಎನ್ನಲಿಲ್ಲ.

ಮೇಷ್ಟ್ರು ಹೋಗಿ ಅಕ್ಕನ ಕಾಲಿನ ಕಡೆ ನಿಂತು ಮೂಲೆಗಳನ್ನು ಹಿಡಿದರು. ಬಟ್ಟೆ ಇನ್ನೂ ಬೆಚ್ಚಗಿತ್ತು. "ಹಾಗಲ್ಲ, ಹೆಬ್ಬೆರಳು ಒಳಗೆ ಬರ್ಲಿ" ಎಂದಳು ಜೋಡಿ. ಇಬ್ಬರೂ ಎತ್ತಿದರು. ಚಾದರ ಗಾಳಿ ತುಂಬಿಕೊಂಡು ಉಬ್ಬಿ, ನಿಧಾನವಾಗಿ ಅಕ್ಕನ ಮೇಲೆ ಇಳಿಯಿತು. ಮೇಷ್ಟ್ರ ಕಡೆ ಸೊಟ್ಟಗಾಗಿತ್ತು. ಅವರು ಬಿಡಲೂ ಇಲ್ಲ, ಸರಿಮಾಡಲೂ ಬರಲಿಲ್ಲ. ಮೂಲೆಗಳನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದರು. ಜೋಡಿ ಏನೂ ಹೇಳದೆ ತಲೆಯ ಕಡೆಯಿಂದ ಬಟ್ಟೆಯನ್ನು ಒಮ್ಮೆ ಚುರುಕಾಗಿ ಎಳೆದಳು. ಆ ಎಳೆತ ಅಕ್ಕನ ಉದ್ದಕ್ಕೂ ಹಾದು ಬಂದು ಮೇಷ್ಟ್ರ ಬೆರಳುಗಳನ್ನು ಮುಟ್ಟಿತು.